ಅಣ್ಣನ ಕರುಳು, ಅತ್ತೆಯ ಮೊಸರು

೧೯೮೭ರ ಚಳಿಗಾಲ. ಅಣ್ಣನನ್ನು ಮುಂಬಯಿಯ ಆಸ್ಪತ್ರೆಯಿಂದ ಹಾನಗಲ್ಲಿಗೆ ಕರೆತಂದ ಮೇಲೂ ನಾನು ದಿನಚರಿಯಲ್ಲಿ ಎರಡು ಸಾಲು ತಪ್ಪದೆ ಬರೆಯುತ್ತಿದ್ದೆ: ಜ್ವರ ಎಷ್ಟು, ಭೇದಿ ಎಷ್ಟು ಸಲ. ಡಾಕ್ಟರು ವಹಿಸಿದ ಕೆಲಸ ಅದು. ಅಣ್ಣನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸಿದ್ದರಿಂದ ನನ್ನ ಮಜ್ಜೆ ತೆಗೆದು ಅವನಿಗೆ ಕೊಟ್ಟಿದ್ದರು. ಅದು ಬೇರೂರಿತು. ಆದರೆ ಕೆಲವು ವಾರಗಳಲ್ಲಿ, ಈ ಮೈ ತನ್ನದಲ್ಲವೆಂದು ಬಗೆದು, ಅವನ ಚರ್ಮವನ್ನೂ ಕರುಳನ್ನೂ ಸುಡತೊಡಗಿತು.

"ಸಣ್ಣಾಕಿದ್ದಾಗಿಂದ ನೀ ಜಗಳಗಂಟಿನ. ಈಗ ನನ್ನ ಹೊಟ್ಟಿ ಒಳಗ ಹೊಕ್ಕು ಜಗಳಾ ತಗದಿ ನೋಡು" ಎಂದು ಅಣ್ಣ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ನನ್ನಲ್ಲಿದ್ದಾಗ ಯಾರಿಗೂ ಕೇಡು ಮಾಡದ ಕಣಗಳು ಅವನಲ್ಲಿ ಹೋಗಿ ಹೀಗೇಕಾದವು? ಡಾಕ್ಟರು ಹೇಳಿದ್ದು ಇಷ್ಟು: ಎಲ್ಲರ ಕರುಳಿನಲ್ಲೂ ಸೂಕ್ಷ್ಮಾಣುಗಳಿರುತ್ತವೆ, ಕರುಳು ಹುಣ್ಣಾದಾಗ ಅವು ರಕ್ತಕ್ಕೆ ನುಸುಳಬಹುದು, ಹೊಸ ಮಜ್ಜೆಯನ್ನು ಇನ್ನಷ್ಟು ಕೆರಳಿಸಲೂಬಹುದು. ಅವುಗಳಲ್ಲಿ ಒಳ್ಳೆಯವು ಯಾವುವೆಂದು ಬೇರ್ಪಡಿಸಲು ತಮಗಿನ್ನೂ ಬರುವುದಿಲ್ಲ, ಆದ್ದರಿಂದ ಸದ್ಯ ಕುದಿಸದ ಯಾವುದೂ ಬಾಯಿಗೆ ಹೋಗಬಾರದು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ. ಶಿಗ್ಗಾವಿಯವರು, ಹಿರೇಕೆರೂರಿನವರು ತಂದ ಬುತ್ತಿಯನ್ನೆಲ್ಲ ಅವ್ವ ಹೇಗೋ ನಮ್ಮ ತಾಟಿಗೆ ತಿರುಗಿಸಿದ್ದಳು. ಅಪ್ಪನ ಅಕ್ಕ, ಸವಣೂರಿನ ಅತ್ತೆ, ಮಾತ್ರ ಎಮ್ಮೆ ಮೊಸರಿನ ಗಡಿಗೆ ಹಿಡಿದು ನೇರ ಅಣ್ಣನ ಕೋಣೆಯ ಬಾಗಿಲಿಗೇ ಬಂದಳು.

"ಕೊಡಬ್ಯಾಡ್ರಿ ಅಕ್ಕಾರ" ಎಂದು ಅವ್ವ ಅಡ್ಡ ನಿಂತಳು.

"ಯಾಕ? ನನ್ನ ಕೈ ಮೊಸರು ವಿಷಾ ಆತೇನ? ಹೊಟ್ಟಿ ಕೆಟ್ರ ಮೊಸರ ಕೊಡ್ತಾರ. ಇದನ್ನ ಉಂಡ ಬೆಳದಾನಂವ."

ಅವ್ವ ನನ್ನ ಕಡೆ ನೋಡಿದಳು. ಅವಳ ನಂಬಿಕೆಯೂ ಅದೇ. ನಾನು ಹೇಳಿದೆ, "ಮೊಸರೊಳಗೂ ಸೂಕ್ಷ್ಮಾಣು ಇರತಾವ್ರಿ ಅತ್ತಿ. ಅವನ ಕರಳು ಈಗ ಹಸೀ ಗಾಯ ಇದ್ದಂಗ."

"ಕುದಿಸಿದ್ರ ನಡೀತೈತಿಲ್ಲೋ?"

"ನಡೀತೈತ್ರಿ."

ಅತ್ತೆ ಒಲೆಯ ಮುಂದೆ ಕುಳಿತಳು. ಮೊಸರು ಕಡೆದು, ಅಕ್ಕಿ ಹಿಟ್ಟು ಕದಡಿ, ಜೀರಿಗೆ ಹಾಕಿ ಮಜ್ಜಿಗೆಯನ್ನು ಚೆನ್ನಾಗಿ ಕುದಿಸಿದಳು. ಆರಿಸಿ ಬಟ್ಟಲಿಗೆ ಸುರಿದು, ಅಣ್ಣನ ಕೈಗೆ ಕೊಡುವ ಮುನ್ನ ಗಡಿಗೆಯಿಂದ ಒಂದು ಚಮಚ ಹಸಿ ಮೊಸರು ತೆಗೆದು ಮೇಲೆ ಬಿಟ್ಟಳು. ಕುದಿದದ್ದು ಸಪ್ಪೆಯಾದಾಗ ನಮ್ಮ ಮನೆಗಳಲ್ಲಿ ಯಾರ ಕೈಯಾದರೂ ತಾನಾಗಿ ಮಾಡುವುದು ಅದನ್ನೇ. ನಾನು ಕೂಗುವಷ್ಟರಲ್ಲಿ ಬಟ್ಟಲು ಅವನ ತುಟಿಯ ಹತ್ತಿರವಿತ್ತು.

ಅಣ್ಣನೂ ನೋಡಿದ್ದ. ಮೊಸರು ಕಂಡು ತಿಂಗಳುಗಳಾಗಿದ್ದವು. ಒಮ್ಮೆ ಮೂಸಿ, ಬಟ್ಟಲನ್ನು ಕೆಳಗಿಟ್ಟ.

"ಅತ್ತಿ, ಇನ್ನೊಮ್ಮೆ ಕುದಸ್ರಿ. ನಾ ಇನ್ನಷ್ಟ ದಿನ ಇರಬೇಕಂತ ಮಾಡೇನಿ."

ಅತ್ತೆ ಬಟ್ಟಲು ಎತ್ತಿಕೊಂಡು ಒಲೆಯ ಮುಂದೆ ಹೋದಳು. ಎರಡನೆಯ ಕುದಿಗೆ ಮಜ್ಜಿಗೆ ಒಡೆದು ನೀರು ಬೇರೆ, ಗಷ್ಟು ಬೇರೆಯಾಯಿತು. ಅಣ್ಣ ಅದನ್ನೇ ಕುಡಿದ. ಒಂದು ಬಟ್ಟಲು ಹೊಟ್ಟೆಯಲ್ಲಿ ನಿಂತರೆ ಜಗಳ ಮುಗಿದಂತಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಕಾಯ್ದೆ. ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ಅತ್ತೆಯೂ ಹೊರಡಲಿಲ್ಲ.

ಬೆಳಿಗ್ಗೆ ಅಣ್ಣ ಹಿತ್ತಿಲಿನಿಂದ ಬರುತ್ತಿದ್ದಂತೆ, ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಏನಾತೋ?"

"ಒಂದ ಸಲ. ಗಟ್ಟಿ."

"ಎಷ್ಟ ಗಟ್ಟಿ?"

"ಅತ್ತೀ!" ಎಂದು ಅಣ್ಣ ಒಳಗೆ ಓಡಿದ. ಅತ್ತೆ ಕಣ್ಣೊರೆಸಿಕೊಂಡು, ಸವಣೂರಿನ ಬಸ್ಸು ಎಷ್ಟಕ್ಕಿದೆ ಎಂದು ಅವ್ವನನ್ನು ಕೇಳಿದಳು.