ತಿರುಗಲು ಜಾಗವಿಲ್ಲದ ಕಾಲುವೆ

ಮೊರೀನಳನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯೆದುರಿನ ಕಾಲುವೆಯ ಲಾಕಿನೊಳಗೆ. ಬರ್ಮಿಂಗ್‌ಹ್ಯಾಮಿನ ಬ್ರೆಡ್ ಅಂಗಡಿಯಲ್ಲಿ ಹದಿನೆಂಟು ವರ್ಷ ನಿಂತು ದುಡಿದ ಹೆಂಗಸು. ಗಂಡ ಕ್ಲೈವ್ ಬಸ್ಸು ಓಡಿಸುವ ಕೆಲಸ ಬಿಟ್ಟು, ಮನೆ ಮಾರಿ, ಅರುವತ್ತಡಿ ಉದ್ದದ, ಏಳಡಿಯೂ ಅಗಲವಿಲ್ಲದ ದೋಣಿ ಕೊಂಡಿದ್ದ. ಒಂಬತ್ತು ವರ್ಷದ ಮಗಳು ಟೆಸ್ಸಾಳೊಡನೆ ಅವರು ನಗರ ಬಿಟ್ಟು ಆರನೆಯ ದಿನವಾಗಿತ್ತು.

ಲಾಕೆಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ನೀರು ಹೊರಬಿಟ್ಟಂತೆ ದೋಣಿ ಕೆಳಗಿನ ಕಾಲುವೆಯ ಮಟ್ಟಕ್ಕೆ ಇಳಿಯುತ್ತದೆ. ದೋಣಿಗೂ ಗೋಡೆಗೂ ನಡುವೆ ಕೈ ತೂರುವಷ್ಟೂ ಸಂದಿಲ್ಲ. ದಡಕ್ಕೆ ಉಜ್ಜದಿರಲೆಂದು ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ದಿಂಬುಗಳನ್ನು ಒಳಬರುವ ಮೊದಲೇ ಮೇಲೆತ್ತಬೇಕು. ಕ್ಲೈವ್ ಎತ್ತಿರಲಿಲ್ಲ. ನೀರು ಇಳಿಯಿತು, ದೋಣಿ ಮಾತ್ರ ಗೋಡೆಗಳ ನಡುವೆ ಕಚ್ಚಿಕೊಂಡು ಒಂದು ಮಗ್ಗುಲಿಗೆ ವಾಲಿತು. ಒಳಗೆ ಪಾತ್ರೆಗಳು ಉರುಳಿದವು.

“ಏನ್ ಮಾಡ್ಕೊಂಡ್ಯೋ ಕ್ಲೈವ್?” ಮೊರೀನ್ ತಲೆ ಹೊರಹಾಕಿದಳು. ಎರಡೂ ಕಡೆ ಪಾಚಿ ಹಿಡಿದ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ.

“ಏನಿಲ್ಲ, ಸ್ವಲ್ಪ ಸಿಕ್ಕೊಂಡಿದೆ.”

“ಸ್ವಲ್ಪಾನಾ? ಬಸ್ಸು ಹಳ್ಳಕ್ಕೆ ಬಿದ್ರೂ ಹಿಂಗೇ ಹೇಳ್ತಿದ್ಯಾ?”

ಲಾಕು ಕಾಯುವುದೇ ನನ್ನ ಕೆಲಸ; ಓಡಿಹೋಗಿ ಕೆಳಬಾಗಿಲಿನ ನೀರು ಬಿಡುವ ಕಂಡಿ ಮುಚ್ಚಿ, ಮೇಲಿನದನ್ನು ತೆರೆದೆ. ನೀರು ತುಂಬಿ ಬಂದಂತೆ ದೋಣಿ ದಢಕ್ಕನೆ ಬಿಡಿಸಿಕೊಂಡು ಮೇಲೆದ್ದಿತು. ಮೊರೀನ್ ಮಗಳ ಕೈ ಹಿಡಿದು ದಡಕ್ಕೆ ಇಳಿದಳು.

“ತಿರುಗ್ಸು ಇದನ್ನ. ಊರಿಗೆ ಹೋಗೋಣ.”

ಕ್ಲೈವ್ ನನ್ನ ಮುಖ ನೋಡಿದ.

“ಇಷ್ಟುದ್ದದ ದೋಣಿ ಇಲ್ಲಿ ತಿರುಗಲ್ಲಮ್ಮ,” ಎಂದೆ. “ತಿರುಗ್ಸೋ ಜಾಗ ಮೂರು ಮೈಲಿ ಮುಂದೆ. ಅಲ್ಲಿಗೂ ಈ ಲಾಕಲ್ಲೇ ಇಳೀಬೇಕು.”

“ಅಂದ್ರೆ ವಾಪಸ್ ಹೋಗೋಕೂ ಮುಂದಕ್ಕೇ ಹೋಗ್ಬೇಕಾ, ಯಜಮಾನ್ರೇ?”

“ಹೌದಮ್ಮ.”

ಆಕೆ ಬ್ರೆಡ್ ಕೊಯ್ಯುವ ಚಾಕು ತಂದು ಆರು ದಿಂಬುಗಳ ಹಗ್ಗವನ್ನೂ ಕತ್ತರಿಸಿ, ದಿಂಬುಗಳನ್ನು ದೋಣಿಯ ಮಾಡಿನ ಮೇಲೆಸೆದಳು. “ಆಚೆ ಸರಿ, ಕ್ಲೈವ್. ಚುಕ್ಕಾಣಿ ನಾನ್ ಹಿಡೀತೀನಿ.”

ದೋಣಿ ಮೆಲ್ಲಗೆ ಇಳಿಯಿತು. ಆಕೆಯ ತಲೆ ಗೋಡೆಯಂಚಿಗಿಂತ ಕೆಳಗಾಗುವವರೆಗೂ ಆಕೆ ಯಾರನ್ನೂ ನೋಡಲಿಲ್ಲ. ಸಂಜೆಯ ತನಕ ಕಾದೆ. ಅವರು ಹಿಂದಿರುಗಿ ಬರಲಿಲ್ಲ.

ಕ್ರಿಸ್‌ಮಸ್ಸಿಗೆ ಆಕೆಯ ಕಾಗದ ಬಂದಿತು. “ತಿರುಗ್ಸೋ ಜಾಗದಲ್ಲಿ ಒಂದು ಗಂಟೆ ನಿಂತಿದ್ವಿ. ‘ತಿರುಗ್ಸೋದೋ ಬೇಡ್ವೋ, ನೀನ್ ಹೇಳಿದ ಹಾಗೆ’ ಅಂದ ಕ್ಲೈವ್. ತಿರುಗಿಸಿ ಯಾವ ಮನೆಗೆ ಹೋಗ್ಲಿ? ಬಾಗಿಲಿಗೆ ಬೇರೆಯವರ ಬೀಗ ಬಿದ್ದಿದೆ. ಬಾಯಿಗೆ ಬಂದ ಬೈಗುಳ ನುಂಗ್ಕೊಂಡು, ‘ಮುಂದಕ್ಕೇ ನಡಿ’ ಅಂದೆ.”