ಬಲಗಡೆಯ ಮುಕ್ಕಾಲು ಇಂಚು

ನಮ್ಮ ಬೈಂಡರ್‌ಗೆ ಅಂಚು ಸೊಟ್ಟಗಿದ್ದರೆ ಊಟ ಸೇರುತ್ತಿರಲಿಲ್ಲ. ಪುಸ್ತಕ ಕಟ್ಟುವ ಕಸುಬನ್ನು ನಲವತ್ತೆರಡು ವರ್ಷ ಮಾಡಿದವನು. ಅವನ ಕಟಿಂಗ್ ಮೆಷಿನ್ನಿಗೆ ಸಿಕ್ಕಿದ್ದರೆ ಹುಣ್ಣಿಮೆಯ ಚಂದ್ರನೂ ಚೌಕವಾಗಿಯೇ ಹುಟ್ಟಬೇಕಾಗುತ್ತಿತ್ತು. ಪಕ್ಕದ ಮಳಿಗೆಯಲ್ಲಿ ಕೊಡೆ ರಿಪೇರಿ ಮಾಡಿಕೊಂಡಿದ್ದ ನಾನು ಇದಕ್ಕೆ ಸಾಕ್ಷಿ.

ಅವನಿಗೊಂದು ಹುಚ್ಚು: ಊರಿನ ಹಳೆಯ ಕಟ್ಟಡಗಳ ಫೋಟೋ. ಬೈಂಡಿಂಗಿಗೆ ಬಂದ ಪುಸ್ತಕಗಳೊಳಗೆ ಸಿಕ್ಕಿದ್ದು, ಗುಜರಿಯಲ್ಲಿ ಹೆಕ್ಕಿದ್ದು, ಮುಚ್ಚಿಹೋದ ಸ್ಟುಡಿಯೋಗಳಿಂದ ಕಾಡಿ ಬೇಡಿ ತಂದಿದ್ದು. ಕೆಡವಿದ ಮಾರ್ಕೆಟ್ಟು, ಸುಟ್ಟುಹೋದ ನಾಟಕಶಾಲೆ, ಹೊಳೆಗೆ ಬಿದ್ದ ಸೇತುವೆ, ಎಲ್ಲ ಅವನ ಹತ್ತಿರ ಕ್ಷೇಮವಾಗಿದ್ದವು. ನಾಟಕಶಾಲೆಗೆ ಎಷ್ಟು ಕಿಟಕಿ ಎಂಬುದು ಕಟ್ಟಿದ ಮೇಸ್ತ್ರಿಗೇ ಮರೆತಿರಬಹುದು. ಇವನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ "ಮೂವತ್ತೊಂದು, ಒಂದಕ್ಕೆ ಗಾಜಿಲ್ಲ" ಎನ್ನುತ್ತಿದ್ದ.

ಒಟ್ಟು ಹದಿನಾಲ್ಕು ಆಲ್ಬಮ್ಮು, ಎಲ್ಲ ಒಂದೇ ಅಳತೆ. ಫೋಟೋ ಹೊಂದದಿದ್ದರೆ ಫೋಟೋವನ್ನೇ ಕತ್ತರಿಸುತ್ತಿದ್ದ. ಕಟ್ಟಡಕ್ಕೆ ಪೆಟ್ಟಾಗಬಾರದಲ್ಲ, ಹಾಗಾಗಿ ಬಲಿಯಾಗುತ್ತಿದ್ದವರು ಅಂಚಿನಲ್ಲಿ ನಿಂತ ಜನ. ಕತ್ತರಿಸಿದ ಪಟ್ಟಿಗಳನ್ನು ಎಸೆಯುತ್ತಿರಲಿಲ್ಲ. ಹೊಲಿದ ಪುಸ್ತಕದ ಬೆನ್ನು ಬಿಗಿಯಾಗಲೆಂದು ಅಂಟು ಬಳಿದು ಒಳಗೆ ಕೂರಿಸಿ, ಮೇಲೆ ಬಟ್ಟೆ ಹಾಕಿಬಿಡುತ್ತಿದ್ದ.

"ಪಾಪ, ಜನರನ್ನ ಯಾಕಯ್ಯ ಕತ್ತರಿಸ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಕಟ್ಟಡ ಹೋದ್ರೆ ಹೋಯ್ತು ಕಣಯ್ಯ. ಜನಕ್ಕೇನು, ಹುಟ್ತಾನೇ ಇರ್ತಾರೆ."

ಅವನ ಹೆಂಡತಿ ಆ ಆಲ್ಬಮ್ಮುಗಳನ್ನು ಸವತಿಯರು ಎಂದು ಕರೆಯುತ್ತಿದ್ದಳು, ಧೂಳು ಒರೆಸಲೂ ಮುಟ್ಟುತ್ತಿರಲಿಲ್ಲ. ಆಕೆಯ ಅಪ್ಪ ಊರಿನ ಗಡಿಯಾರ ಗೋಪುರಕ್ಕೆ ಕೀ ಕೊಡುತ್ತಿದ್ದವರು. ಆಕೆಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡರು. ಮನೆಯಲ್ಲಿ ಒಂದು ಫೋಟೋ ಇಲ್ಲ, ಮುಖದ ನೆನಪೂ ಇಲ್ಲ. ಆಮೇಲೆ ರಸ್ತೆ ಅಗಲ ಮಾಡುವಾಗ ಗೋಪುರವೂ ಹೋಯಿತು.

ಬೈಂಡರ್‌ಗೆ ಅರವತ್ತೆಂಟಾದ ವರ್ಷ ಹೆಂಡತಿಯ ಅಕ್ಕ ಬಂದು ನಾಲ್ಕು ದಿನ ಉಳಿದರು. ಒಂದು ಮಧ್ಯಾಹ್ನ ಚಹಾದ ಆಸೆಗೆ ನಾನೂ ಹೋಗಿದ್ದೆ. ಅಕ್ಕ ಏಳನೆಯ ಆಲ್ಬಮ್ಮು ತಿರುವುತ್ತ ಗೋಪುರದ ಪುಟ ಬಂದಾಗ ಕೈ ನಿಲ್ಲಿಸಿದರು. ನಿಮಿಷದ ಮುಳ್ಳಿನ ಮೇಲೆ ಪಾರಿವಾಳ ಕೂತಿದ್ದ ಫೋಟೋ ಅದು.

"ಅಯ್ಯೋ, ಇದೇ ಕಣೇ! ಮುನಿಸಿಪಾಲಿಟಿ ಆಫೀಸಲ್ಲಿ ತೂಗುಹಾಕಿದ್ದು ಇದೇ ಫೋಟೋ. ಈ ಹಾಳು ಪಾರಿವಾಳದಿಂದ ಗಡಿಯಾರ ಹಿಂದೆ ಬಿತ್ತು ಅಂತ ಅಪ್ಪ ಅವತ್ತು ಬೈಸಿಕೊಂಡಿದ್ರು."

"ಅಪ್ಪ ಇದಾರಾ ಇದರಲ್ಲಿ? ಎಲ್ಲಿ?" ಹೆಂಡತಿ ಚಹಾದ ಲೋಟ ಹಿಡಿದೇ ಬಗ್ಗಿದಳು.

"ಇಲ್ಲೇ, ಬಲಗಡೆ, ಬಾಗಿಲ ಹತ್ರ. ಕೀ ಗೊಂಚಲು ಹಿಡ್ಕೊಂಡು..." ಅಕ್ಕನ ಬೆರಳು ಫೋಟೋ ದಾಟಿ ಕಪ್ಪು ರಟ್ಟಿನ ಮೇಲೆ ನಿಂತಿತು. "ಏನ್ರೀ, ಇಲ್ಲಿ ಇನ್ನೂ ಸ್ವಲ್ಪ ಇರಬೇಕಲ್ಲ?"

ಬೈಂಡರ್‌ನ ಮುಖ ಅವನ ಅಂಟಿಗಿಂತ ಬೆಳ್ಳಗಾಯಿತು. "ಮುಕ್ಕಾಲು ಇಂಚು," ಎಂದ. "ನಾನೇ ಕತ್ತರಿಸಿದ್ದು."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಬಾಗಿಲು ಉಳಿಸಿದ್ದೀರಿ," ಎಂದಳು. "ಬೀಗ ಚೆನ್ನಾಗಿ ಕಾಣ್ತಿದೆ."

ಮುನಿಸಿಪಾಲಿಟಿಯಲ್ಲಿದ್ದ ಪ್ರತಿ ಎಂದೋ ಗೆದ್ದಲ ಪಾಲಾಗಿತ್ತು. ಉಳಿದಿದ್ದು ಆ ಪಟ್ಟಿಯೊಂದೇ, ಅದೂ ಯಾವುದೋ ಪುಸ್ತಕದ ಬೆನ್ನಿನೊಳಗೆ. ಫೋಟೋ ಸಿಕ್ಕ ವರ್ಷ ಬೈಂಡರ್‌ನ ಕೈಯಲ್ಲಿದ್ದುದು ಲೈಬ್ರರಿಯ ಕೆಲಸ ಮಾತ್ರ, ನಾನ್ನೂರು ಪುಸ್ತಕ. ಮರುದಿನವೇ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದ.

"ಚೆನ್ನಾಗಿರೋ ಪುಸ್ತಕದ ಬೆನ್ನು ಸೀಳ್ತೀನಿ ಅಂತೀರಲ್ಲ ಯಜಮಾನ್ರೇ, ತಲೆ ನೆಟ್ಟಗಿದೆ ತಾನೇ?" ಎಂದಳು ಲೈಬ್ರರಿಯಾಕೆ.

"ಸೀಳಿ ಮತ್ತೆ ಕಟ್ಟಿಕೊಡ್ತೀನಮ್ಮ. ಮೊದಲಿಗಿಂತ ಗಟ್ಟಿ."

ಹದಿನೇಳು ತಿಂಗಳು ಅದೇ ಕೆಲಸ. ವಾರಕ್ಕೆ ನಾಲ್ಕೈದು ಪುಸ್ತಕ ತಂದು, ಬಟ್ಟೆ ಬಿಡಿಸಿ, ಒದ್ದೆ ಸ್ಪಂಜಿನಿಂದ ಅಂಟು ನೆನೆಸಿ, ಪಟ್ಟಿಗಳನ್ನು ಎಬ್ಬಿಸುತ್ತಿದ್ದ. ಒಂದು ಊರೇ ಎದ್ದು ಬಂತು: ಕೊಡೆಯ ಕೆಳಗೆ ಅರ್ಧ ಹೆಂಗಸು, ಬಾಲವಿಲ್ಲದ ನಾಯಿ, ಸೈಕಲ್ಲಿನ ಹಿಂದಿನ ಚಕ್ರ, ಒಂದು ಕಿವಿಯನ್ನು ಬೇರೆ ಪುಸ್ತಕದಲ್ಲಿ ಬಿಟ್ಟು ನಗುತ್ತಿದ್ದ ಗಂಡಸು. ಒಂದೊಂದು ಪಟ್ಟಿ ಎದ್ದಾಗಲೂ ಹೆಂಡತಿಯನ್ನು ಕೂಗುತ್ತಿದ್ದ. ಆಕೆ ಕೈ ಒರೆಸಿಕೊಂಡು ಬಂದು ನೋಡಿ, "ಕೀ ಇಲ್ಲ," ಎಂದು ಒಳಗೆ ಹೋಗುತ್ತಿದ್ದಳು.

ಮುನ್ನೂರ ಹತ್ತಕ್ಕೆ ಪುಸ್ತಕ ಮುಗಿಯಿತು. ಉಳಿದ ತೊಂಬತ್ತು ಹಿಂದೊಮ್ಮೆ ನೀರು ನುಗ್ಗಿದಾಗ ನೆನೆದು ರದ್ದಿಗೆ ಹೋಗಿದ್ದವಂತೆ.

ಅವತ್ತು ಆಕೆ ಒಳಗೆ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಎದುರು ಕೂತಳು.

"ಹೋಗ್ಲಿ ಬಿಡಿ. ಅಕ್ಕನ್ನ ಕೇಳಿದ್ರೆ ಒಂದು ದಿನ ಮೀಸೆ ಇತ್ತು ಅಂತಾಳೆ, ಇನ್ನೊಂದು ದಿನ ಇರ್ಲಿಲ್ಲ ಅಂತಾಳೆ. ಕತ್ತರಿಸೋವಾಗ ನೀವು ನೋಡಿರ್ತೀರಲ್ಲ. ಹೇಗಿದ್ರು?"

ನಾನು ಆಕೆಯ ಬೆನ್ನ ಹಿಂದಿನಿಂದ ಅವನಿಗೆ ಸನ್ನೆ ಮಾಡಿದೆ. ಮೀಸೆ ತಿರುವಿ ತೋರಿಸಿದೆ, ಹಣೆ ಅಗಲ ಎಂದು ಕೈಯಲ್ಲಿ ಅಳೆದೆ, ನಕ್ಕೆ. ಜೀವಮಾನವಿಡೀ ಸುಳ್ಳು ಹೊಡೆದವನು ನಾನು, ಅವತ್ತು ಒಂದೇ ಒಂದನ್ನು ಅವನಿಗೆ ದಾನ ಕೊಡಲು ಹೆಣಗಿದೆ. ಅವನು ನನ್ನತ್ತ ನೋಡಲೇ ಇಲ್ಲ.

"ನೋಡ್ಲಿಲ್ಲ ಕಣೇ," ಎಂದ. "ಸ್ಕೇಲ್ ನೋಡ್ತಿದ್ದೆ."

ಆಕೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು, ಅವನಿಗೆ ಬೇರೇನಾದರೂ ನೆನಪಾದೀತೇನೋ ಎಂಬಂತೆ.