ಎಡಗಡೆಯ ಗಂಟು

ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ತಗುಲಿದ್ದು ಸೋಮವಾರ. ಆಸ್ಪತ್ರೆಯವರು ಬರಹೇಳಿದ್ದು ಶುಕ್ರವಾರ. ನಡುವಿನ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಫ್ಲಾಟಿನಲ್ಲೇ ಅತ್ತಿಂದಿತ್ತ ಓಡಾಡಿದೆ. ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಿ ಮುಟ್ಟಿ ನೋಡಿಕೊಂಡೆ. ಹಾಳಾದ್ದು, ಇದ್ದೇ ಇತ್ತು.

ಯಜಮಾನರು ಆಫೀಸಿನ ಟೂರಿನಲ್ಲಿದ್ದರು. ಮೈಸೂರಿನ ಅಕ್ಕನಿಗೆ ಮಾತ್ರ ದಿನವೂ ಫೋನ್ ಮಾಡಿ ಎಲ್ಲ ಹೇಳಿಕೊಂಡೆ, ಹಾಲ್‌ನಲ್ಲೇ ನಿಂತು, ಗಟ್ಟಿಯಾಗಿ. ಪಕ್ಕದ ಸೋಫಾದಲ್ಲಿ ಹದಿನೇಳರ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಈ ಹಿಂದಿ ಊರಲ್ಲೇ ಹುಟ್ಟಿ ಬೆಳೆದವಳು, ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ತರಕಾರಿ ಭಯ್ಯಾನ ಎದುರು, ಮೆಟ್ರೋದಲ್ಲಿ, ಎಲ್ಲೆಂದರಲ್ಲಿ ಕನ್ನಡದಲ್ಲಿ ಗುಟ್ಟು ಮಾತಾಡುವ ಚಾಳಿ ನನಗೆ. ಮಗಳನ್ನೂ ಆ ಕನ್ನಡ ಬಾರದವರ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದೆ.

"ಕ್ಯಾನ್ಸರ್ ಆಗಿದ್ರೆ ಏನ್ ಮಾಡ್ಲಿ ಅಕ್ಕಾ? ಇವಳಿಗಂತೂ ಹೇಳಲ್ಲ. ಪೌಡರ್ ಹಚ್ಕೊಂಡು ಬರಬೇಡಿ ಅಂದಿದ್ದಾರೆ ಆಸ್ಪತ್ರೆಯವ್ರು. ಎಕ್ಸ್‌ರೇ ಫೋಟೋದಲ್ಲಿ ಚುಕ್ಕೆ ಬೀಳತ್ತಂತೆ."

ಮಗಳು ತಲೆ ಎತ್ತಲಿಲ್ಲ.

ಶುಕ್ರವಾರ ನಾನು ಹೊರಟರೆ ಅವಳು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬ್ಯಾಂಕಿಗೆ ಹೋಗುತ್ತಿದ್ದೇನೆ ಎಂದೆ.

"ಪೌಡರ್ ಹಚ್ಕೊಂಡಿದ್ದೀಯ ಅಮ್ಮ. ಒರೆಸ್ಕೋ."

ನನಗೆ ಸಿಟ್ಟು ನೆತ್ತಿಗೇರಿತು. "ಕದ್ದು ಕೇಳಿಸ್ಕೊಂಡ್ಯಾ?"

"ಕದ್ದು ಎಲ್ಲಿ? ಇತ್ನೇ ಜೋರ್ ಸೇ ಮಾತಾಡ್ತಿದ್ದೆ. ಚಲೋ."

ಅಭ್ಯಾಸಬಲದಿಂದ ಹಚ್ಚಿಕೊಂಡಿದ್ದ ಪೌಡರನ್ನು ಒದ್ದೆ ಟವೆಲ್ಲಿನಿಂದ ಒರೆಸಿಕೊಂಡು ಹೊರಟೆ.

ಡಾಕ್ಟರಮ್ಮ ಎರಡೂ ಕಡೆ, ಕಂಕುಳಿನವರೆಗೂ ಒತ್ತಿ ನೋಡಿದರು. ಮ್ಯಾಮೋಗ್ರಾಂ ಯಂತ್ರ ಎರಡು ಹಲಗೆಗಳ ನಡುವೆ ಹಿಂಡಿತು. ನೋವಾಯಿತು, ಆದರೆ ಉಸಿರು ಬಿಗಿಹಿಡಿಯುವಷ್ಟು ಹೊತ್ತು ಮಾತ್ರ. ಆಮೇಲೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನಿಂಗ್. ಪರದೆಯ ಮೇಲೆ ಕಪ್ಪು ಗುಳ್ಳೆಯೊಂದು ಕಂಡಿತು. ಡಾಕ್ಟರಮ್ಮ ಸೂಜಿ ಚುಚ್ಚಿ ಎಳೆದರು, ಗುಳ್ಳೆ ಕುಗ್ಗಿ ಮಾಯವಾಯಿತು.

"ಸಿರ್ಫ್ ಪಾನಿ ಹೈ. ಮತ್ತೆ ಬಂದರೆ ತೋರಿಸಿ," ಎಂದರು ಹಿಂದಿಯಲ್ಲಿ.

ಹೊರಗೆ ಮಗಳು ಕಾರಿಡಾರಿನ ಉದ್ದಕ್ಕೂ ನನ್ನ ಹಾಗೆಯೇ ಅತ್ತಿಂದಿತ್ತ ನಡೆಯುತ್ತಿದ್ದಳು. ಬರೀ ನೀರಂತೆ ಎಂದೆ. ಅವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಅಕ್ಕನಿಗೆ ಮಾಡಿದಳು.

"ದೊಡ್ಡಮ್ಮ, ಅಮ್ಮಂಗೆ ಏನೂ ಇಲ್ಲ. ನಂಗೆ... ನಂಗೆ ತುಂಬಾ ಭಯ ಆಗಿತ್ತು." ಅಷ್ಟು ಹೇಳಿ ಅಳತೊಡಗಿದಳು.

ನನಗಾದರೆ ಹೇಳಿಕೊಳ್ಳಲು ಅಕ್ಕನಿದ್ದಳು. ಈ ಹುಡುಗಿ ಅಷ್ಟೂ ದಿನ ಸೋಫಾದಲ್ಲಿ ಒಬ್ಬಳೇ ಕೂತಿದ್ದಳು.